ಪ್ರೇಮವ್ವನ ಹಿತ್ತಲ ಬಾಗಿಲು

ನಮ್ಮವ್ವ ಪ್ರೇಮವ್ವನಿಗೆ ತೆರೆದ ಬಾಗಿಲು ಕಂಡರೂ ಸಿಟ್ಟು, ಮುಚ್ಚಿದ ಬಾಗಿಲು ಕಂಡರೂ ಸಿಟ್ಟು. ಯಾವ ಹೊತ್ತಿಗೆ ಯಾವ ಬಾಗಿಲು ಹೇಗಿರಬೇಕು ಎಂಬುದು ಅವಳ ತಲೆಯಲ್ಲಿ ಪಕ್ಕಾ ಇತ್ತು. ಉಳಿದವರ ತಲೆಯಲ್ಲಿ ಅದು ಇರಲಿಲ್ಲ ಎಂಬುದೇ ನಮ್ಮ ಮನೆಯ ಅರ್ಧ ಜಗಳಗಳ ಮೂಲ. ಬೆಳಗಾಗುವ ಮೊದಲೇ ತಲಬಾಗಿಲು ತೆರೆಯಬೇಕು. ಹಿತ್ತಲ ಬಾಗಿಲು ಹಗಲೆಲ್ಲ ತೆರೆದಿರಬೇಕು. ಎಮ್ಮೆಗೆ ಮೇವು ಹಾಕುವುದು, ಬಟ್ಟೆ ಒಗೆಯುವುದು, ಭಾಂಡೆ ತಿಕ್ಕುವುದು ಎಲ್ಲ ಅಲ್ಲೇ. ಆದರೆ ಸಂಜೆ ದೀಪ ಹಚ್ಚುವ ಹೊತ್ತಾಯಿತೋ, ತಲಬಾಗಿಲು ಗೋಡೆಗೆ ತಾಗುವ ಹಾಗೆ ಅಗಲ ತೆರೆದಿರಬೇಕು, ಹಿತ್ತಲ ಬಾಗಿಲಿಗೆ ಚಿಲಕ ಬೀಳಬೇಕು. ಲಕ್ಷ್ಮಿ ಮನೆಗೆ ಬರುವ ಹೊತ್ತು ಅದು. ಮುಂದಿನಿಂದ ಬಂದವಳು ಹಿಂದಿನಿಂದ ಹೊರಟುಹೋಗಬಾರದು. ಆ ಹೊತ್ತು ದಾಟಿ ಅಡಿಗೆ ಶುರುವಾದ ಮೇಲೆ ಚಿಲಕ ತೆಗೆಯಬಹುದು.

ಬ್ಯಾಡಗಿಯ ನಮ್ಮ ಮನೆ ನೋಡಿದರೆ ಅವ್ವನ ಹೆದರಿಕೆಯಲ್ಲಿ ಅರ್ಥವಿದೆ ಅನಿಸುತ್ತದೆ. ಅಗಲ ಕಡಿಮೆ, ಉದ್ದ ಬಹಳ. ಪಡಸಾಲೆ, ನಡುಮನೆ, ಅಡಿಗೆಮನೆ, ಆಮೇಲೆ ಹಿತ್ತಲು. ಬಾಗಿಲುಗಳೆಲ್ಲ ಒಂದೇ ಸಾಲು. ಓಣಿಯಲ್ಲಿ ನಿಂತವನಿಗೆ ಹಿತ್ತಲಲ್ಲಿ ಮೆಲುಕು ಹಾಕುವ ಎಮ್ಮೆ ಕಾಣುತ್ತದೆ. ಇಂಥ ಮನೆಗೆ ಲಕ್ಷ್ಮಿ ಏನು, ಯಾರೇ ಬಂದರೂ ಎಲ್ಲೂ ತಿರುಗದೆ ನೆಟ್ಟಗೆ ಆಚೆ ಹೋಗಿಬಿಡಬಹುದು. ಗೋಡೆಗಳು ಮಣ್ಣಿನವು, ಮೊಳಕ್ಕಿಂತ ದಪ್ಪ. ಹಿತ್ತಲ ಬಾಗಿಲಿಗೆ ಮೇಲಿನಿಂದ ಕೆಳಗಿನವರೆಗೆ ತಗಡು ಬಡಿದಿದೆ, ಇಲಿಗಳ ಕಾಟಕ್ಕೆ.

ನಮ್ಮಪ್ಪ ಅಂದಾನೆಪ್ಪ ಮೆಣಸಿನಕಾಯಿ ದಲಾಲಿ. ಪಡಸಾಲೆ ಅವನ ದರ್ಬಾರು. ಅಲ್ಲಿ ಅವನ ಗಾದಿ, ಒರಗಲು ಲೋಡು, ಕೈಗೆಟುಕುವ ಹಾಗೆ ಫೋನು. ಮೋಟೆಬೆನ್ನೂರಿನಿಂದ, ಮೇಡ್ಲೇರಿಯಿಂದ ಮಾಲು ತಂದ ರೈತರು ಬೆಳಿಗ್ಗೆ ಅಲ್ಲೇ ಕೂತು ಚಹಾ ಕುಡಿದು ಅವನ ಜೊತೆ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಮನೆಯ ಮೂಲೆಮೂಲೆಗೆ ಮೆಣಸಿನಕಾಯಿ ಘಾಟು. ನಮಗೆ ಗೊತ್ತೇ ಆಗುತ್ತಿರಲಿಲ್ಲ. ಬಂದ ನೆಂಟರು ಮಾತ್ರ ಕೂತಲ್ಲಿ ಸೀನುತ್ತಿದ್ದರು.

ಈ ಮನೆಗೆ ಇಂಟರ್ನೆಟ್ ಬಂದದ್ದು ನನ್ನ ಹೆಂಡತಿ ಸುರೇಖಾಳ ಸಲುವಾಗಿ. ಅವಳು ರಾಣೆಬೆನ್ನೂರಿನವಳು, ಬಿಎಸ್ಸಿ ಓದಿದವಳು. ಮದುವೆಗೆ ಮೊದಲು ಹುಬ್ಬಳ್ಳಿಯಲ್ಲಿ ಒಂದು ಕೆಲಸ ಕಲಿತಿದ್ದಳು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಹಚ್ಚಿಕೊಂಡು ಕೇಳಿ, ಟೈಪು ಮಾಡಿ ಕಳಿಸುವುದು. ಕಾಲ ಕೆಳಗೆ ಹೊಲಿಗೆ ಮಷಿನ್ನಿನದರಂಥ ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾನೆ, ಬಿಟ್ಟರೆ ಬಾಯಿ ಮುಚ್ಚುತ್ತಾನೆ. ಅದನ್ನು ನೋಡಿ ಅವ್ವ ನನಗೆ, "ಇಂಥಾದ್ದೊಂದು ನಿಮ್ಮಪ್ಪಗೂ ಸಿಗತೈತೇನು ಕೇಳು," ಅಂದಿದ್ದಳು.

ಎರಡು ಸಾವಿರದ ಎಂಟರ ದೀಪಾವಳಿ ಮುಗಿದ ಮೇಲೆ ಆ ಹುಬ್ಬಳ್ಳಿಯ ಆಫೀಸಿನವರು ಸುರೇಖಾ ಮನೆಯಿಂದಲೇ ಕೆಲಸ ಮಾಡಲಿ ಎಂದು ಒಪ್ಪಿದರು. ಮೊದಲು ಟ್ರಯಲ್. ಬೆಳಿಗ್ಗೆ ಅವರು ಕಳಿಸಿದ್ದು ಸಂಜೆ ಏಳರೊಳಗೆ ವಾಪಸ್ ಹೋಗಬೇಕು. ಸರಿಹೋದರೆ ಕಾಯಂ, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಇಷ್ಟು ದಿನ ಸುರೇಖಾ ಯಾವುದನ್ನೂ ಬೇಕೆಂದು ಕೇಳಿದವಳಲ್ಲ. ಇದನ್ನು ಕೇಳಿದಳು. "ಇದೊಂದು ಹೋತಂದ್ರ ನಾ ಕಲ್ತಿದ್ದೆಲ್ಲಾ ಮೆಣಸಿನಕಾಯಿ ತೊಟ್ಟು ಮುರಿಯೂದಕ್ಕ ಆತು ನೋಡ್ರಿ," ಅಂದಳು. ನಗುತ್ತಾ ಅಂದಳು, ಆದರೆ ಕಣ್ಣಲ್ಲಿ ನಗು ಇರಲಿಲ್ಲ.

ಅಪ್ಪ ಒಪ್ಪಿದ, ಅವನ ರೀತಿಯಲ್ಲಿ. "ಪಡಸಾಲ್ಯಾಗ ನಾಕ್ ಮಂದಿ ಬಂದು ಕೂಡತಾರ. ಮನಿ ಸೊಸಿ ಕಿವಿಗೆ ವಾಯರ್ ಸಿಗಿಸ್ಕೊಂಡು ಕುಂತ್ರ ಏನಂದಾರು? ಮಾಡೂದಿದ್ರ ಹಿತ್ತಲದಾಗ ಮಾಡ್ಲಿ."

ಹಿತ್ತಲಲ್ಲಿ, ಎಮ್ಮೆಯ ಗೋದಲಿಯ ಆಚೆ, ಹಳೆ ಚೀಲ ತುಂಬಿದ ಒಂದು ಕೋಣೆ ಇತ್ತು. ಅದನ್ನೇ ತೊಳೆದು ಸುಣ್ಣ ಹಚ್ಚಿ ಕಂಪ್ಯೂಟರ್ ಇಟ್ಟೆವು. ಮೊದಲು ಪಡಸಾಲೆಯ ಫೋನಿನ ಹತ್ತಿರದಿಂದ ಅಲ್ಲಿಯವರೆಗೆ ತಂತಿ ಎಳೆಸಿದೆ. ಇಲಿ ಕಡಿಯಿತು. ಮತ್ತೆ ಎಳೆಸಿದೆ. ಮತ್ತೆ ಕಡಿಯಿತು. ಮೆಣಸಿನಕಾಯಿ ತಿಂದು ಬೆಳೆದ ಇಲಿಗಳಿಗೆ ಪ್ಲಾಸ್ಟಿಕ್ ತಂತಿ ಬಾಯಿಗೆ ಸಪ್ಪಗೆ ಹತ್ತಿರಬೇಕು, ಆದರೂ ಬಿಡಲಿಲ್ಲ. ಕೊನೆಗೆ ಹಾವೇರಿಯ ಕಂಪ್ಯೂಟರ್ ಅಂಗಡಿಯ ವೀರೇಂದ್ರ, "ವೈರ್‌ಲೆಸ್ ಹಾಕ್ಸಿಬಿಡ್ರಿ ಸಾಹೇಬ್ರ, ಇಲಿಗೆ ಕಡಿಯಾಕ ಏನೂ ಸಿಗೂದಿಲ್ಲ," ಅಂದ. ಎರಡು ಕೋಡಿನ ಒಂದು ಡಬ್ಬಿ ತಂದು ಅಪ್ಪನ ಫೋನಿನ ಪಕ್ಕ ಕೂರಿಸಿದ.

ಅಪ್ಪ ಡಬ್ಬಿಯ ಹಿಂದೆ ನೇತಾಡುತ್ತಿದ್ದ ತಂತಿಗಳನ್ನು ನೋಡಿ, "ವಾಯರ್ ಇರೂದಿಲ್ಲ ಅಂದಿದ್ದೆಲ್ಲೋ ತಮ್ಮಾ. ಇವೇನು, ಲಾಡಿ ಏನು?" ಅಂದ.

ವೀರೇಂದ್ರ ಉತ್ತರ ಕೊಡಬೇಕೆಂದು ಬಾಯಿ ತೆರೆದವನು ಸೀನಿದ.

ಅಲ್ಲಿಂದ ನನ್ನ ಪೀಡೆ ಶುರುವಾಯಿತು. ಹಗಲೆಲ್ಲ ನೆಟ್ ಇರುತ್ತಿತ್ತು. ಓಡುತ್ತಿತ್ತು ಎನ್ನಲಾರೆ, ಎತ್ತಿನಂತೆ ನಡೆಯುತ್ತಿತ್ತು. ಆದರೆ ಹಗಲು ಕರೆಂಟೇ ನೆಟ್ಟಗೆ ಇರುತ್ತಿರಲಿಲ್ಲವಲ್ಲ! ಕರೆಂಟು ಬಂದು ಹೋಗುವುದರ ನಡುವೆ ಸುರೇಖಾ ಟೈಪು ಮಾಡಿ ಮುಗಿಸುವ ಹೊತ್ತಿಗೆ ಹೊತ್ತು ಇಳಿದಿರುತ್ತಿತ್ತು. ಇನ್ನೇನು ಕಳಿಸಬೇಕು, ಫೈಲು ಅರ್ಧ ಹೋಗಿದೆ, ಆಗ ಕಂಪ್ಯೂಟರಿನ ಮೂಲೆಯಲ್ಲಿ ಕೆಂಪು ಗುರುತು ಬಂದು ಕೂಡುತ್ತಿತ್ತು. ನೆಟ್ ಹೋಯಿತು. ದಿನಾ ಅದೇ ಹೊತ್ತಿಗೆ. ಅಡಿಗೆ, ಊಟದ ಹೊತ್ತಿಗೆ ಮತ್ತೆ ತಾನಾಗಿ ಬರುತ್ತಿತ್ತು, ಏನೂ ಆಗಿಲ್ಲ ಎಂಬಂತೆ. ಆಗ ಬಂದು ಏನು ಉಪಯೋಗ? ಸುರೇಖಾ ಪೆನ್‌ಡ್ರೈವ್ ಸೆರಗಿನಲ್ಲಿ ಕಟ್ಟಿಕೊಂಡು ಹಿಂದಿನ ಓಣಿಯಿಂದ ಬಸ್‌ಸ್ಟ್ಯಾಂಡಿನ ಸೈಬರ್ ಕೆಫೆಗೆ ಓಡುತ್ತಿದ್ದಳು. ಅಲ್ಲಿ ಕಾಲೇಜು ಹುಡುಗರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವಳು ಏದುಸಿರು ಬಿಡುತ್ತಾ ಕಾಯುತ್ತಾ ನಿಂತಿರುವಾಗಲೇ ಏಳು ಗಂಟೆ ದಾಟುತ್ತಿತ್ತು.

ನಾನು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸಂಜೆ ರೈಲು ಇಳಿದು ಮನೆಗೆ ಬರುವಷ್ಟರಲ್ಲಿ ಈ ರಾಮಾಯಣ ಶುರುವಾಗಿರುತ್ತಿತ್ತು. ಕೈಕಾಲು ತೊಳೆಯುವ ಮೊದಲು ಡಬ್ಬಿಯ ಮುಂದೆ ಕೂರುತ್ತಿದ್ದೆ. ಅದರ ಕೋಡು ತಿರುವಿದೆ. ಗೋಡೆಯ ಗೂಡಿನಲ್ಲಿಟ್ಟೆ, ಕಪಾಟಿನ ಮೇಲಿಟ್ಟೆ. ಹಿಂದೆ ಹಿಟ್ಟು ನಾದುವ ದೊಡ್ಡ ಪರಾತ ನಿಲ್ಲಿಸಿದರೆ ಅದು ಮುಂದಕ್ಕೆ ಎಸೆಯುತ್ತದೆ ಎಂದು ಯಾರೋ ಅಂದರು, ಅದನ್ನೂ ನಿಲ್ಲಿಸಿದೆ. ಬಂದ ರೈತರು ಪಡಸಾಲೆಯಲ್ಲಿ ಹೊಸ ದೇವರು ಕೂತಿದೆ ಎಂದು ತಿಳಿದು ಕೈ ಮುಗಿದರು. ಒಂದು ದಿನ ಸಿಟ್ಟು ತಡೆಯದೆ ಡಬ್ಬಿಯ ತಲೆಗೆ ಹೊಡೆದೆ. ಅದರ ಹಸಿರು ದೀಪ ಕಣ್ಣೂ ಮಿಟುಕಿಸಲಿಲ್ಲ.

ನೆಟ್ಟಿನವರ ಸಹಾಯದ ನಂಬರಿಗೆ ಫೋನು ಹಚ್ಚಿದರೆ ಬೆಂಗಳೂರಿನ ಒಬ್ಬ ಹುಡುಗ ಎತ್ತುತ್ತಿದ್ದ. ಬಹಳ ಸಭ್ಯ. ಅವನ ಸಭ್ಯತೆಯೇ ನನ್ನ ಪಿತ್ತ ಕೆರಳಿಸುತ್ತಿತ್ತು.

"ಸರ್, ಮೋಡೆಮ್ ಆಫ್ ಮಾಡಿ, ಸ್ವಲ್ಪ ಬಿಟ್ಟು ಆನ್ ಮಾಡಿ."

"ಮಾಡೇನ್ರಿ."

"ಈಗ ಲೈಟ್ ಯಾವ ಬಣ್ಣ ಇದೆ ಸರ್?"

"ಹಸರು."

"ಹಾಗಾದ್ರೆ ನಿಮ್ಮ ಮನೇಲಿ ನೆಟ್ ಇದೆ ಸರ್."

"ಐತ್ರಿ, ಪಡಸಾಲ್ಯಾಗ ಐತಿ! ನನ್ನ ಹೆಂಡತಿ ಹಿತ್ತಲದಾಗ ಅದಾಳ."

"ಹಾಗಾದ್ರೆ ನಿಮ್ಮ ಮಿಸೆಸ್‌ನ ಪಡಸಾಲೆಗೆ ಕರೀರಿ ಸರ್."

ಅಪ್ಪ ಲೋಡಿಗೆ ಒರಗಿ ಎಲ್ಲ ಕೇಳುತ್ತಿದ್ದ. ಆ ಹುಡುಗ ಹೇಳಿದ್ದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗೆ ಇರಲಿಲ್ಲ.

ವೀರೇಂದ್ರನನ್ನು ಕರೆಸಿದರೆ ಅವನು ಬರುತ್ತಿದ್ದುದು ಮಧ್ಯಾಹ್ನ. ಕತ್ತಲಾಗುವ ಮೊದಲು ಹಾವೇರಿ ಬಸ್ಸು ಹಿಡಿಯಬೇಕಲ್ಲ. ವೀರೇಂದ್ರ ಇದ್ದಾಗ ನೆಟ್ ಇರುತ್ತಿತ್ತು, ನೆಟ್ ಹೋದಾಗ ವೀರೇಂದ್ರ ಇರುತ್ತಿರಲಿಲ್ಲ. ಅವನು ಸೀನುತ್ತಾ ಎಲ್ಲ ಪರೀಕ್ಷೆ ಮಾಡಿ, ಅವ್ವ ಕೊಟ್ಟ ಅವಲಕ್ಕಿ ತಿಂದು, "ಸಂಜಿ ಆದ್ರ ಎಲ್ಲಾರೂ ನೆಟ್ ಹಚ್ಚತಾರ, ಲೋಡ್ ಆಗತೈತ್ರಿ," ಅನ್ನುತ್ತಿದ್ದ. ನಮ್ಮ ಓಣಿಯಲ್ಲಿ ನೆಟ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಎಲ್ಲಾರೂ ಅಂದರೆ ಯಾರು, ಎಮ್ಮೆಯೇ?

ಹುಬ್ಬಳ್ಳಿ ಆಫೀಸಿನ ಮೇಡಂ ಒಂದು ದಿನ ಫೋನು ಮಾಡಿದರು. ಸುರೇಖಾ ಪಡಸಾಲೆಯಲ್ಲಿ ನಿಂತು, ಅಪ್ಪನ ಎದುರಿಗೆ, ತಲೆ ಬಗ್ಗಿಸಿ "ಹೂಂ ರಿ, ಹೂಂ ರಿ" ಅಂದಳು. ಇಟ್ಟ ಮೇಲೆ ನನ್ನ ಕಡೆ ತಿರುಗಿದಳು. "ಕೆಲಸ ಚಲೋ ಮಾಡ್ತಿ, ಆದ್ರ ತಡಾ ಮಾಡ್ತಿ ಅಂದ್ರು. ತಿಂಗಳದಾಗ ಟ್ರಯಲ್ ಮುಗೀತೈತಿ. ಇನ್ನ ಹಿಂಗ ಆದ್ರ ಬ್ಯಾಡಾ ಅಂತಾರ."

"ಬ್ಯಾಡಾ ಅಂದ್ರ ಚಲೋನ ಆತು," ಅಂದ ಅಪ್ಪ. "ನೆಟ್ಟಿಗೂ ಸಂಜಿ ಆದ್ರ ಮನಿಗೆ ಹೋಗಬೇಕು ಅನಸತೈತಿ. ಬಿಡು."

ಸುರೇಖಾ ಹಿತ್ತಲಿಗೆ ಹೋದಳು. ಅಪ್ಪನ ಮೇಲೆ ಬಂದ ಸಿಟ್ಟನ್ನು ನಾನು ವೀರೇಂದ್ರನ ಮೇಲೆ ತೀರಿಸಿಕೊಂಡೆ. ಮರುದಿನ ಹಾವೇರಿಗೇ ಹೋಗಿ ಅವನ ಅಂಗಡಿಯಲ್ಲಿ ನಿಂತು ಕೂಗಾಡಿದೆ. ಅವನು, ದೊಡ್ಡ ಆಂಟೆನಾ ಒಂದಿದೆ, ತಂದು ಹಚ್ಚುತ್ತೇನೆ ಎಂದು ಮಾತು ಕೊಟ್ಟ.

ಅವನು ಬಂದ ದಿನ ಅಮಾವಾಸ್ಯೆ. ಅವ್ವ ಸಂಗಮದಲ್ಲಿ ಮಿಂದು ದೇವರ ದರ್ಶನ ಮಾಡಲು ತವರೂರು ಗಳಗನಾಥಕ್ಕೆ ಹೊರಟಿದ್ದಳು. ಹೋದರೆ ತಮ್ಮನ ಮನೆಯಲ್ಲಿ ಒಂದೆರಡು ದಿನ ಇದ್ದು ಬರುವವಳು. ಹೊರಡುವಾಗ, "ಅಮಾಸಿ ದಿನಾ ಹೊಸಾದು ಏನೂ ಹಚ್ಚಬ್ಯಾಡ್ರೋ," ಅಂದಳು. ನಾನು ಕೇಳಲಿಲ್ಲ. ಹಚ್ಚಿಸಿದೆ.

ಅವತ್ತು ಸಂಜೆ ನೆಟ್ ಹೋಗಲಿಲ್ಲ.

ನಾನು ರೈಲಿಳಿದು ಬಂದಾಗ ಸುರೇಖಾ ಅಡಿಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು. ಫೈಲುಗಳೆಲ್ಲ ಹೊತ್ತಿಗೆ ಮೊದಲೇ ಹೋಗಿದ್ದವು. ಮರುದಿನವೂ ಹೋದವು. ಅದರ ಮರುದಿನವೂ. ನಾನು ವೀರೇಂದ್ರನಿಗೆ ಫೋನು ಮಾಡಿ, ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡೆ. ಹುಬ್ಬಳ್ಳಿಯ ಮೇಡಂ "ಭೇಷ್" ಅಂದರಂತೆ.

ಅವ್ವ ಗಳಗನಾಥದಿಂದ ಬುಟ್ಟಿ ತುಂಬ ಅವರೆಕಾಯಿ ಹೊತ್ತು ಬಂದಳು. ಅವತ್ತು ಸಂಜೆ ನೆಟ್ ಹೋಯಿತು.

ಅಪ್ಪ ಅಮಾವಾಸ್ಯೆಗೆ ಬೈದ. ನಾನು ಆಂಟೆನಾಕ್ಕೆ ಬೈದೆ. ಮರುದಿನವೂ ಹೋದಾಗ, ಸೈಬರ್ ಕೆಫೆಯ ಬಾಗಿಲು ಹಾಕಿದ್ದು ನೋಡಿ ವಾಪಸ್ ಬಂದ ಸುರೇಖಾಳಿಗೆ ಕಂಡದ್ದು ಅವರೆಕಾಯಿ ಸುಲಿಯುತ್ತಾ ಕೂತ ಅವ್ವ. ಅವಳ ಬಾಯಿಂದ ಆ ಮಾತು ಬಂದುಬಿಟ್ಟಿತು.

"ಅತ್ತಿ, ನೀವು ಊರಿಗೆ ಹೋದ್ರಿ, ನೆಟ್ ಬಂತು. ನೀವು ಬಂದ್ರಿ, ಹೋತು. ಇದಕ್ಕೇನನಬೇಕ್ರಿ? ಕಾಲ್ಗುಣ ಅನಬೇಕೇನು?"

ಅವ್ವನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

ಸುರೇಖಾಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವ್ವ ಸೊಸೆಯಾಗಿ ಈ ಮನೆಗೆ ಕಾಲಿಟ್ಟ ವರ್ಷ ಮೆಣಸಿನಕಾಯಿಯ ದರ ನೆಲ ಹಿಡಿದಿತ್ತಂತೆ. ದರ ಮತ್ತೆ ಏರಿತು, ಆದರೆ ನಮ್ಮಜ್ಜಿಯ ಬಾಯಲ್ಲಿ ಅವ್ವನ ಕಾಲ್ಗುಣ ಏರಲಿಲ್ಲ. ಹಾಲು ಒಡೆದರೆ ಪ್ರೇಮವ್ವನ ಕಾಲ್ಗುಣ, ಎಮ್ಮೆ ಕಂದು ಹಾಕಿದರೆ ಪ್ರೇಮವ್ವನ ಕಾಲ್ಗುಣ. ಅಜ್ಜಿ ಸಾಯುವವರೆಗೆ ಅವ್ವ ಅದನ್ನು ಕೇಳಿಕೊಂಡೇ ಇದ್ದಳು. ದೀಪದ ಹೊತ್ತಿಗೆ ಹಿತ್ತಲ ಬಾಗಿಲನ್ನು ಅಷ್ಟು ಕಟ್ಟುನಿಟ್ಟಾಗಿ ಹಾಕುವ ರೂಢಿ ಅವಳಿಗೆ ಆಗಲೇ ಬಂದದ್ದು. ಈ ಮನೆಯಿಂದ ಏನು ಹೊರಗೆ ಹೋದರೂ ಅದು ಅವಳ ಲೆಕ್ಕಕ್ಕೇ ಬೀಳುತ್ತಿತ್ತಲ್ಲ. ನನ್ನ ಮದುವೆಯ ವರ್ಷ ಒಂದು ಅಕಾಲ ಮಳೆ ಬಂದು ಅಂಗಳದ ಮಾಲೆಲ್ಲ ತೊಯ್ದಾಗ ನಮ್ಮ ಸೋದರತ್ತೆ, "ಸೊಸಿ ಕಾಲ್ಗುಣ..." ಎಂದು ಶುರು ಮಾಡಿದ್ದಳು. ಅವ್ವ ಎದ್ದು ನಿಂತು, "ಆ ಮಾತು ನನ್ನ ಸಂಗಡಾನ ಸಾಯಬೇಕು. ಈ ಹುಡುಗಿಗೆ ಅಂದ್ರ ನಾ ಸುಮ್ಮನಿರೂದಿಲ್ಲ," ಅಂದಿದ್ದಳು. ಸೋದರತ್ತೆ ಚಹಾ ಕುಡಿಯದೆ ಎದ್ದು ಹೋದಳು. ಆ ಹುಡುಗಿಯೇ ಈಗ ಅಂದಿದ್ದಳು.

ಅವ್ವ ಜಗಳಾಡಲಿಲ್ಲ. ಅವರೆಕಾಯಿಯ ಬುಟ್ಟಿಯನ್ನು ಬದಿಗೆ ಸರಿಸಿ ಒಳಗೆ ಹೋದಳು. ಅವಳು ಜಗಳಾಡದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಹೆದರಿಕೆಯಾಯಿತು.

ಮರುದಿನ ಸಂಜೆ ಅವ್ವ ದೀಪ ಹಚ್ಚಿದಳು. ತಲಬಾಗಿಲು ತೆರೆದಳು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಹಿಂದಿನ ಓಣಿಯ ಅಮೀರಬಿಯ ಮನೆಗೆ ಹೋಗಿ ಕೂತಳು. ಅಮೀರಬಿ ಅವಳ ವಾರಿಗೆಯ ಗೆಳತಿ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಈ ಓಣಿಗೆ ಬಂದವರು. ಯಾಕೆ ಈ ಹೊತ್ತಿನಲ್ಲಿ ಬಂದೆ ಎಂದು ಅಮೀರಬಿ ಕೇಳಿದರೆ, "ನಮ್ಮ ಮನ್ಯಾಗ ನೆಟ್ ಬರೂ ಹೊತ್ತಾತು, ನಾ ಇದ್ರ ಬರೂದಿಲ್ಲಂತ," ಅಂದಳಂತೆ.

ನಾನು ರೈಲಿಳಿದು ಬಂದಾಗ ಮನೆಯಲ್ಲಿ ದೀಪ ಉರಿಯುತ್ತಿತ್ತು, ಮನುಷ್ಯರು ಯಾರೂ ಇರಲಿಲ್ಲ. ಅಪ್ಪ ಇನ್ನೂ ಮಾರ್ಕೆಟ್ಟಿನಿಂದ ಬಂದಿರಲಿಲ್ಲ. ಹಿತ್ತಲ ಬಾಗಿಲಿನ ತಗಡನ್ನು ಆಚೆಯಿಂದ ಸುರೇಖಾ ಧಡಧಡ ಬಡಿಯುತ್ತಿದ್ದಳು.

"ರೀ, ಅದೀರೇನು? ಮತ್ತ ಹೋತು. ಅತ್ತಿನೂ ಅಮೀರಬಿ ಮನಿಗೆ ಹೋಗ್ಯಾರ, ಆದ್ರೂ ಹೋತು!"

ಚಿಲಕ ತೆಗೆದೆ. ಅವಳು ಒಳಗೆ ಬಂದಳು, ಮುಖವೆಲ್ಲ ಕಣ್ಣೀರು. ಅವಳ ಹಿಂದೆ, ಹಿತ್ತಲ ಕೋಣೆಯಿಂದ ಕಂಪ್ಯೂಟರ್ "ಟಣ್" ಅಂದಿತು. ನೆಟ್ ಬಂದರೆ ಅದು ಮಾಡುವ ಸಪ್ಪಳ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಓಡಿಹೋಗಿ ನೋಡಿದಳು. "ಬಂದೈತ್ರಿ!" ನಾನು ಬಾಗಿಲು ಹಾಕಿದೆ. "ಹೋತ್ರಿ!" ತೆಗೆದೆ. "ಬಂತ್ರಿ!" ಹುಚ್ಚರ ಹಾಗೆ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದೆ. ಎಮ್ಮೆ ಎದ್ದು ನಿಂತು ನನ್ನನ್ನೇ ನೋಡಿತು.

ತಲೆ ಚಚ್ಚಿಕೊಳ್ಳಬೇಕು ಅನಿಸಿತು. ದಪ್ಪ ಮಣ್ಣಿನ ಗೋಡೆ ದಾಟಲಾರದೆ ಆ ನೆಟ್ ಲಕ್ಷ್ಮಿ ನಡೆಯುವ ದಾರಿಯಲ್ಲೇ ನಡೆಯುತ್ತಿತ್ತು, ಬಾಗಿಲಿನಿಂದ ಬಾಗಿಲಿಗೆ, ನೆಟ್ಟಗೆ. ಲಕ್ಷ್ಮಿಗೆಂದು ಹಾಕಿದ ತಗಡಿನ ಬಾಗಿಲು ದಿನಾ ಸಂಜೆ ಅದರ ಮುಖಕ್ಕೆ ಬಡಿಯುತ್ತಿತ್ತು. ಅವ್ವ ಗಳಗನಾಥಕ್ಕೆ ಹೋದಾಗ ಆ ಬಾಗಿಲು ಹಾಕುವವರು ಮನೆಯಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಕೋಡು ತಿರುವಿದ್ದೆ, ಪರಾತ ನಿಲ್ಲಿಸಿದ್ದೆ, ಬೆಂಗಳೂರಿನ ಹುಡುಗನ ಜೊತೆ ಗಂಟಲು ಹರಿದುಕೊಂಡಿದ್ದೆ. ಹುಟ್ಟಿದಾಗಿನಿಂದ ಕಣ್ಣ ಮುಂದೆ ಹಾಕಿ ತೆಗೆಯುತ್ತಿದ್ದ ಬಾಗಿಲು ಕಂಡಿರಲಿಲ್ಲ.

ಸುರೇಖಾ ಮುಖ ಒರೆಸಿಕೊಂಡು ಅಮೀರಬಿಯ ಮನೆಗೆ ಹೋದಳು. ಅವ್ವನನ್ನು ಕರೆತಂದಳು. ಏನು ಹೇಳಿ ಕರೆತಂದಳೋ ಗೊತ್ತಿಲ್ಲ, ಇಬ್ಬರ ಕಣ್ಣೂ ಕೆಂಪಾಗಿದ್ದವು.

ನಾನು ಬಾಗಿಲು ಹಾಕಿ ತೆಗೆದು ತೋರಿಸಿದೆ. ಅವ್ವ ತಗಡನ್ನು ಕೈಯಿಂದ ಮುಟ್ಟಿ ನೋಡಿದಳು.

"ಅಂದ್ರ ನನ್ನ ಕಾಲ್ಗುಣ ಅಲ್ಲ?"

"ಅಲ್ಲಬೇ. ಬಾಗಲಾ."

"ಹಂಗಂತ ಬಾಗಲಾ ತಗದಿಡಾಕ ಬರೂದಿಲ್ಲ," ಅಂದಳು ಅವ್ವ. ದನಿ ಸಣ್ಣದಾಗಿತ್ತು, ಆದರೆ ಗಟ್ಟಿಯಾಗಿತ್ತು. "ನಾಳೆ ಏನರ ಆತು ಅಂದ್ರ ಮತ್ತ ಯಾರ ಹೆಸರು ಬರತೈತಿ?"

ಅಪ್ಪ ಬಂದ ಮೇಲೆ ದೊಡ್ಡ ಪಂಚಾಯಿತಿ ಆಯಿತು. ಡಬ್ಬಿಯನ್ನು ಅಡಿಗೆಮನೆಗೆ ಸರಿಸೋಣ ಅಂದೆ. ಫೋನಿನ ತಂತಿ ಅಲ್ಲಿಯವರೆಗೆ ಹೋದರೆ ಇಲಿ ಕಡಿಯುತ್ತದೆ, ಮಾರ್ಕೆಟ್ಟಿನ ದರ ಕೇಳುವ ಹೊತ್ತಿಗೆ ಫೋನು ಸತ್ತಿರುತ್ತದೆ, ಆಗದು ಅಂದ ಅಪ್ಪ. ತಗಡು ಕೀಳೋಣ ಅಂದೆ. 'ಇಲಿಗೆ ಹಾದಿ ಮಾಡಿ ಕೊಡು' ಅಂದ. ಸುರೇಖಾ ಪಡಸಾಲೆಯಲ್ಲಿ ಕೂತು ಕಳಿಸಲಿ ಅಂದೆ. ಅದಕ್ಕೆ ಅವನು ಲೋಡು ತಿರುಗಿಸಿ ಹಾಕಿಕೊಂಡ. "ಲಕ್ಷ್ಮಿ ಹೋಗೂ ಬಾಗಲಾ ತಗದು ನೆಟ್ ಬರೂ ಹಾದಿ ನೋಡ್ತೀರಿ. ಬ್ಯಾಡ. ಆ ಕೆಲಸ ಬಿಡಸು, ಎಲ್ಲಾರಿಗೂ ಸುಖ."

ಸುರೇಖಾ ಬಾಗಿಲ ಮರೆಯಲ್ಲಿ ನಿಂತಿದ್ದಳು. "ನಾಳೆ ಟ್ರಯಲ್ಲಿಂದು ಕಡೀ ದಿನಾ ರಿ ಮಾವಾರ," ಅಂದಳು. "ನಾಳೆ ಒಂದಿನ ಹೊತ್ತಿಗೆ ಹೋತಂದ್ರ ಕಾಯಂ ಮಾಡ್ತೀನಂದಾರ."

"ನಾಳೆ ಒಂದಿನಾನೂ ಲಕ್ಷ್ಮಿ ಬರೂ ದಿನಾನ," ಅಂದ ಅಪ್ಪ.

ಅವ್ವ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಆ ಸಪ್ಪಳ ಮಾತ್ರ ಎಂದಿಗಿಂತ ಜೋರಾಗಿತ್ತು.

ಮರುದಿನ ನನ್ನ ರೈಲು ರಾಣೆಬೆನ್ನೂರಿಗೇ ತಡವಾಗಿ ಬಂತು. ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ಇಳಿಯುವ ಸೂರ್ಯನಿಗೆ ಬೈಯುತ್ತಾ ಕೂತಿದ್ದೆ. ಮನೆಯಲ್ಲಿದ್ದರೆ ಅಪ್ಪನ ಎದುರಿಗೆ ನಿಂತು ಬಾಗಿಲು ತೆಗೆಯುತ್ತಿದ್ದೆನೋ ಇಲ್ಲವೋ, ಅದೂ ಖಾತ್ರಿ ಇರಲಿಲ್ಲ. ಅದೇ ಹೆಚ್ಚು ಉರಿಯುತ್ತಿತ್ತು. ಬ್ಯಾಡಗಿಯಲ್ಲಿ ಇಳಿದು ಹೆಚ್ಚುಕಡಿಮೆ ಓಡುತ್ತಲೇ ಬಂದೆ.

ನಮ್ಮ ತಲಬಾಗಿಲು ಮುಚ್ಚಿತ್ತು.

ದೀಪದ ಹೊತ್ತಿನಲ್ಲಿ ಅದು ಮುಚ್ಚಿದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಕಟ್ಟೆಯ ಮೇಲೆ ಅಪ್ಪ ನಿಂತಿದ್ದ, ಕೈಯಲ್ಲಿ ಕೊಡೆ. ಕೊಡೆಯ ತುದಿಯಿಂದ ಬಾಗಿಲು ಕುಟ್ಟುತ್ತಿದ್ದ. ಓಣಿಯವರು ಇಣುಕಿ ನೋಡುತ್ತಿದ್ದರು.

"ಮನ್ಯಾಗ ಯಾರರ ಸತ್ತಾರೇನು? ಎಷ್ಟ್ ಬಡದ್ರೂ ತಗೀವಲ್ರು!"

ಒಳಗಿನಿಂದ ಅವ್ವನ ದನಿ ಬಂತು, ದೂರದಿಂದ, ಆದರೆ ಸ್ಪಷ್ಟವಾಗಿ. "ಈ ಕಡಿಂದ ಬರ್ರಿ."

ಈ ಕಡೆ ಅಂದರೆ ಹಿಂದಿನ ಓಣಿ. ಅಪ್ಪ ಆ ಓಣಿಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಅಮೀರಬಿಯ ಆಡುಗಳ ನಡುವೆ, ತಿಪ್ಪೆಯ ಬದಿಯಲ್ಲಿ, ಧೋತರದ ಚುಂಗು ಎತ್ತಿ ಹಿಡಿದು, ಕತ್ತಲಲ್ಲಿ ಎಡವುತ್ತಾ, ಅವನು ಮುಂದೆ, ನಾನು ಹಿಂದೆ ನಡೆದೆವು. ದಾರಿಯಲ್ಲಿ ಅವನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಹಿತ್ತಲ ಗೇಟಿನ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ತಗಡು ಬಡಿದ ಬಾಗಿಲು ಗೋಡೆಗೆ ತಾಗುವ ಹಾಗೆ ಅಗಲ ತೆರೆದಿತ್ತು. ಅದರ ಹೊಸ್ತಿಲಿಗೆ ಅರಿಸಿನ ಕುಂಕುಮ, ಪಕ್ಕದ ಗೂಡಿನಲ್ಲಿ ದೀಪ. ಅಡಿಗೆಮನೆ, ನಡುಮನೆ, ಪಡಸಾಲೆ ದಾಟಿ ಆ ತುದಿಯಲ್ಲಿ ಚಿಲಕ ಹಾಕಿದ ತಲಬಾಗಿಲು ಕಾಣುತ್ತಿತ್ತು. ಇತ್ತ ಹಿತ್ತಲ ಕೋಣೆಯಲ್ಲಿ ಸುರೇಖಾ ಕಿವಿಗೆ ತಂತಿ ಸಿಗಿಸಿಕೊಂಡು, ಕಾಲು ಪೆಡಲಿನ ಮೇಲಿಟ್ಟು, ಲೋಕ ಮರೆತು ಟೈಪು ಮಾಡುತ್ತಿದ್ದಳು. ಅವ್ವ ಹೊಸ್ತಿಲ ಈಚೆಗೆ ಮಣೆ ಹಾಕಿಕೊಂಡು ಕೂತಿದ್ದಳು.

"ಏನಿದು?" ಅಂದ ಅಪ್ಪ.

"ಇವತ್ತಿನಿಂದ ಸಂಜಿಗೆ ಇದ ತಲಬಾಗಲಾ," ಅಂದಳು ಅವ್ವ. "ಲಕ್ಷ್ಮಿ ಈ ಕಡಿಂದ ಬರತಾಳ. ಆ ಕಡಿಂದ ಹೋಗಬಾರದಂತ ಅದನ್ನ ಹಾಕೇನಿ. ಶಾಸ್ತ್ರ ಏನೂ ತಪ್ಪಿಲ್ಲ."

"ನಾ ಏನು ಹಿತ್ತಲದಿಂದ ಬರಬೇಕೇನು, ನನ್ನ ಮನಿಗೆ?"

"ಲಕ್ಷ್ಮಿನ ಬರಾಕತ್ತಾಳ, ನಿಮಗೇನಾಗೇತಿ?"

ಅಪ್ಪನ ತೆರೆದ ಬಾಯಿ ಮುಚ್ಚಿತು. ಅವನಿಗೆ ಯಾರೋ ಪೆಡಲಿನಿಂದ ಕಾಲು ತೆಗೆದಂತಾಗಿತ್ತು. ಅವನು ತಿರುಗಿ ಕೋಣೆಯ ಕಡೆ ನೋಡಿದ. ಸೊಸೆ ಕೆಲಸ ಮಾಡುವುದನ್ನು ಅವನು ನೋಡಿದ್ದು ಅದೇ ಮೊದಲು. ಅವಳು ಟೈಪು ಮುಗಿಸಿ ಫೈಲು ಕಳಿಸಲು ಹಚ್ಚಿದಳು, ಪರದೆಯ ಮೇಲೆ ಹಸಿರು ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತುಂಬತೊಡಗಿತು. ನಾವು ಮೂವರೂ ಅದನ್ನೇ ನೋಡುತ್ತಾ ನಿಂತೆವು. ಅರ್ಧವಾಯಿತು. ಮುಕ್ಕಾಲಾಯಿತು. ಪ್ರತಿ ಸಲ ಅರ್ಧಕ್ಕೇ ಬಂದು ಕೂಡುತ್ತಿದ್ದ ಕೆಂಪು ಗುರುತು ಈ ಸಲ ಬರಲಿಲ್ಲ. ಪಟ್ಟಿ ತುಂಬಿತು. ಸುರೇಖಾ ತಂತಿ ಕಿತ್ತು ಹಿಂದೆ ತಿರುಗಿದಳು, ಮಾವನನ್ನು ಕಂಡು ದಡಕ್ಕನೆ ಎದ್ದು ನಿಂತಳು.

ಅಪ್ಪ ಗಂಟಲು ಸರಿಮಾಡಿಕೊಂಡ. "ಹೋತೇನು?"

"ಹೋತ್ರಿ ಮಾವಾರ. ಇನ್ನೂ ಏಳಾಗಿಲ್ಲ."

ಅವನು ಕೊಡೆಯನ್ನು ಗೋಡೆಗೆ ಒರಗಿಸಿದ. ಸುರೇಖಾ ಅವನನ್ನು ದಾಟಿ ನೆಟ್ಟಗೆ ಅವ್ವನ ಹತ್ತಿರ ಬಂದು, ಬಗ್ಗಿ ಅವಳ ಕಾಲು ಮುಟ್ಟಲು ಹೋದಳು. ಅವ್ವ ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಸಾಕವ್ವಾ, ನನ್ನ ಕಾಲಿನ ಸುದ್ದಿ ಈ ಮನ್ಯಾಗ ಸಾಕು," ಅಂದಳು. "ಹೋಗು, ನಿಮ್ಮ ಮಾವಾರಿಗೆ ಒಂದ್ ಚರಿಗಿ ನೀರ ತಂದು ಕೊಡು. ಸೆಗಣಿ ತುಳದು ಬಂದಾರ. ಮೊದಲ ಅವರು ಕಾಲು ತೊಳಕೊಳ್ಳಲಿ."